ಅಕ್ವಾ

ರಾತ್ರಿ ಪಾಳಿ. ಕಾರವಾರದ ದೊಡ್ಡಾಸ್ಪತ್ರೆ, ಗಂಡಸರ ವಾರ್ಡು.
ಬೈತಖೋಲದಲ್ಲಿ ಡಾಂಬರು ಇಳಿಸಲು ಬಂದ ಹಡಗಿನಿಂದ
ಹಗ್ಗಕ್ಕೆ ಸಿಕ್ಕಿ ಅಂಗೈ ಜಜ್ಜಿಕೊಂಡವನೊಬ್ಬನನ್ನು ತಂದು
ಹದಿನಾಲ್ಕನೇ ಮಂಚಕ್ಕೆ ಹಾಕಿದ್ದರು.
"ಲುಸಿಯಾ, ನೀನೇ ಹೋಗು," ಅಂದರು ಹೆಡ್ ಸಿಸ್ಟರು,
"ನಿಮ್ಮ ಕಡೆಯವನ ಹಾಗೆ ಕಾಣ್ತಾನೆ."

ನಮ್ಮ ಕಡೆ ಅಂದರೆ ಯಲ್ಲಾಪುರದ ಕಡೆ.
ಕಿರವತ್ತಿ ದಾಟಿ ಮಣ್ಣು ರಸ್ತೆಯಲ್ಲಿ ಎರಡು ಮೈಲಿ.
ಅವನೂ ನನ್ನ ಮುಖ ಕಂಡದ್ದೇ ಸರ್ರನೆ ಎದ್ದು ಕೂತ,
ನೋವು ಮರೆತು ಬಾಯಿ ತುಂಬ ಏನೋ ಹೇಳಿದ.
ಏರಿ, ಇಳಿದು, ಮತ್ತೆ ಏರಿ,
ಮೆಟ್ಟಿಲ ಮೇಲೆ ಮಗು ಓಡಿದ ಹಾಗಿತ್ತು ಆ ಮಾತು.
ನಾನು ಕೊಂಕಣಿಯಲ್ಲಿ ಸುಮ್ಮನಿದ್ದೆ.
ಆಮೇಲೆ ನರ್ಸಿಂಗ್ ಸ್ಕೂಲಿನ ಇಂಗ್ಲಿಷಿನಲ್ಲಿ
ಜ್ವರ ನೋಡಬೇಕು, ಬಾಯಿ ತೆರೆ, ಅಂದೆ.
ಅವನ ಮುಖದ ದೀಪ ಆರಿದ್ದನ್ನು ಬರೆಯಲು
ಚಾರ್ಟಿನಲ್ಲಿ ಕಾಲಂ ಇರಲಿಲ್ಲ.

ಅಜುಬುಯಿಕೆ. ಹೆಸರಿನರ್ಥ, ಬೆನ್ನೇ ಬಲ:
ಹಿಂದೆ ನಿಂತವರು, ಹಿಂದೆ ಆಗಿಹೋದದ್ದು.
"ನಿನ್ನ ಬೆನ್ನಿಗೆ ಯಾರು?"
ಮುತ್ತಜ್ಜಿಯ ಅಜ್ಜಿ, ಅಂದೆ. ಗೋವೆಯಲ್ಲಿ ಹಡಗಿಳಿದವಳು,
ಘಟ್ಟದ ಕಾಡಿಗೆ ಓಡಿಬಂದವಳು. ಹೆಸರು ಗೊತ್ತಿಲ್ಲ.
ಓಡುವವರು ಮಾತನ್ನು ಗಂಟು ಕಟ್ಟುವುದಿಲ್ಲ.
ಅವನು ಲೆಕ್ಕ ಹಾಕಿ ಅಂದ, "ನಮ್ಮವಳಲ್ಲ.
ಅವರು ಮೂಡಣ ಅಂಚಿನವರು. ನಾವು ಇಗ್ಬೋಗಳು, ಪಡುವಣದವರು.
ನಡುವೆ ನಿಮ್ಮ ಇಡೀ ದೇಶ ಹಾಸಿದರೂ ಜಾಗ ಮಿಗುತ್ತದೆ."
ಒಂಚೂರು ಬೇಜಾರಾಯಿತು ನನಗೆ. ಅವನಿಗೂ.

ಮೂರನೇ ದಿನ ಕೇಳಿದ,
"ಈ ವಾರ್ಡಿನವರೆಲ್ಲ ಯಾಕೆ ನಿನಗೆ ಅಳು, ಅಳು ಅನ್ನುತ್ತಾರೆ?"
ಅಕ್ಕಾ ನೀರು. ಅಕ್ಕಾ ಸಲಾಯಿನ್ ಮುಗೀತು. ಅಕ್ಕಾ ಇತ್ಲಾಗೆ ಬಾ.
ಜ್ವರದ ಕಿವಿಗೆ ಅದು ಅಕ್ವಾ.
ಎರಡು ಸ್ವರವೂ ಮೇಲೆದ್ದರೆ ಅಳು.
ಮೇಲಿಂದ ಕೆಳಗೆ ಜಾರಿದರೆ ಬಟ್ಟೆ,
ಕೆಳಗಿಂದ ಹತ್ತಿದರೆ ಮೊಟ್ಟೆ.
ಎರಡೂ ಕೆಳಗೇ ಉಳಿದರೆ ಹಾಸಿಗೆ; ಸೇತುವೆಗೂ ಅದೇ.

ಹಾಸಿಗೆಯೂ ಸೇತುವೆಯೂ ಒಂದೇನಾ, ಅಂದೆ,
ಕಾಳಿಯ ಮೇಲೆ ಕುಸಿದುಬಿದ್ದ ಹಳೇ ಸೇತುವೆ ನೆನಪಾಗಿ.
"ಮಲಗಿಯೇ ದಾಟುವುದಿಲ್ಲವೇ ರಾತ್ರಿಯನ್ನು?"
ಅವರ ಕಡೆಯ ಗಾದೆಯೋ, ಆಗಷ್ಟೇ ಕಟ್ಟಿದ್ದೋ, ಕೇಳಲಿಲ್ಲ.

ಕಲಿಸಿದ. ನಾಲಿಗೆ ಕಲಿಯಿತು, ಗಂಟಲು ಒಲ್ಲೆ ಅಂದಿತು.
ಬಟ್ಟೆ ಬದಲಿಸಲೇ ಅಂತ ಕೇಳಹೋಗಿ
ಮೊಟ್ಟೆ ಬದಲಿಸಲೇ ಅಂದೆನಂತೆ;
ಹೊಲಿಗೆ ಬಿಚ್ಚುವ ಹಾಗೆ ನಕ್ಕ.
ಪಕ್ಕದ ಮಂಚದಿಂದ ಅಂಕೋಲೆಯ ಹಮ್ಮು ಗೌಡರು,
ಹಲ್ಲಿಲ್ಲದ ಬಾಯಲ್ಲಿ, ತಾವೂ ಒಮ್ಮೆ ಅಂದು ನೋಡಿದರು.
ಅವರದು ಸರಿಯಾಗಿತ್ತಂತೆ. ನಾಲ್ಕಕ್ಕೆ ನಾಲ್ಕೂ.
ನನಗೆ ಉರಿದುಹೋಯಿತು.

ಹಡಗು ಹೊರಟಿತು. ರಜೆ ಹಾಕಿ ಊರಿಗೆ ಹೋದೆ.
ಆಯಿ ಅಂಗಳದಲ್ಲಿ ಕವಂದಿ ಹೊಲಿಯುತ್ತಿದ್ದಳು:
ತೀರಿಕೊಂಡ ಮಾವಶಿಯ ಸೀರೆ, ನನ್ನ ಹಳೇ ಯೂನಿಫಾರ್ಮು,
ಯಾರದೋ ಗುರುತು ಸಿಗದ ಅಂಗಿಯ ತೋಳು.
ಮೂಲೆಗೆ ಮಡಚಿದ ಹೂವು ಇನ್ನೂ ಕೂಡಿಸಿರಲಿಲ್ಲ;
ಹೂವಿಲ್ಲದ ಕವಂದಿ ಬೆತ್ತಲೆ, ಅನ್ನುತ್ತಾಳೆ.
ಅದರ ಮೇಲೇ ಕೂತು ಹೇಳಿದೆ: ಬಟ್ಟೆ, ಅಳು, ಹಾಸಿಗೆ, ಮೊಟ್ಟೆ,
ಎಲ್ಲ ಒಂದೇ ಮಾತು ಆಯೀ, ಕೇಳು,
ಅಂತ ಕತ್ತು ಎತ್ತಿ, ತಗ್ಗಿಸಿ, ರಾಗ ಎಳೆದೆ.
ಹಲ್ಲಿನಲ್ಲಿ ಸೂಜಿ ಕಚ್ಚಿಕೊಂಡೇ ಅಂದಳು,
"ಮೊಟ್ಟೆ ಗೂಡಿನಲ್ಲುಂಟು. ತೆಗೆದುಕೊಂಡು ಬಾ.
ಏಳು, ನನ್ನ ನೂಲಿನ ಮೇಲೆ ಕೂತಿದ್ದೀ."