ಇಳಿಜಾರು

ಈ ಊರು ಗುಡ್ಡದ ಮೇಲಿದೆಯೆಂದು
ಮಳೆ ಬಂದ ದಿನ ಮಾತ್ರ ನೆನಪಾಗುತ್ತದೆ.
ಮಿಕ್ಕ ದಿನ ಹನುಮಂತನಗರದ ಏರು ಅಂದರೆ
ಆಟೋದವನು ಹತ್ತು ರೂಪಾಯಿ ಜಾಸ್ತಿ ಕೇಳುವ ನೆಪ,
ಸೊಪ್ಪಿನ ಗಾಡಿಯವಳು ಅರ್ಧದಲ್ಲಿ ನಿಂತು
ಚಕ್ರಕ್ಕೆ ಕಲ್ಲು ಕೊಟ್ಟು ಸುಧಾರಿಸಿಕೊಳ್ಳುವ ಜಾಗ.

ಆಷಾಢದಲ್ಲಿ ಬರುವುದು ಬರೀ ಗಾಳಿ,
ಒಣಹಾಕಿದ ಪಂಚೆಯನ್ನು
ಪಕ್ಕದ ಮನೆಯ ಆಂಟೆನಾಗೆ ಉಡಿಸಿ ಹೋಗುವ ಗಾಳಿ.
ಮಳೆ ಅನ್ನುವಂಥ ಮಳೆ ಆಮೇಲೆ,
ಉತ್ತರೆಯೋ ಹಸ್ತವೋ, ರಾತ್ರಿ ಒಂಬತ್ತು ದಾಟಿದ ಮೇಲೆ,
ಬಾಡಿಗೆ ವಸೂಲಿಗೆ ಬಂದ ಮಾಲೀಕನ ಹಾಗೆ
ಬಾಗಿಲು ಬಡಿಯುತ್ತ.

ಆಗ ನೋಡಬೇಕು ನಮ್ಮ ರಸ್ತೆಯನ್ನು.
ಏನೂ ನಿಲ್ಲುವುದಿಲ್ಲ ಇಲ್ಲಿ.
ಯಾರದೋ ಹವಾಯಿ ಚಪ್ಪಲಿಯ ಎಡಗಾಲು,
ಹೊಂಗೆ ಕಾಯಿ, ಹಾಲಿನ ಕವರು,
ಗಣೇಶನ ಪೆಂಡಾಲಿನಲ್ಲಿ ಉಳಿದ ಥರ್ಮೋಕೋಲಿನ ಕಂಬ,
ಎಲ್ಲಕ್ಕೂ ಅವಸರ, ಎಲ್ಲವೂ ಕೆಳಗೆ, ಕೆಂಪಾಂಬುಧಿಯ ಕಡೆಗೆ.
ನಾವು ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು
'ಸದ್ಯ, ನಮ್ಮ ಕಡೆ ನೀರು ನಿಲ್ಲಲ್ಲ' ಎಂದು
ಪುಣ್ಯ ಮಾಡಿದವರ ಹಾಗೆ ನೋಡುತ್ತೇವೆ.

ವಾಲ್ವ್‌ಮ್ಯಾನ್ ಪಿಳ್ಳಪ್ಪ ಒಮ್ಮೆ ಹೇಳಿದ್ದ.
ಅವನ ತಾತ ಯಾವುದೋ ಕೆರೆಯ ನೀರುಗಂಟಿಯಂತೆ,
ಆ ಕೆರೆ ಈಗ ಬಸ್ ಡಿಪೋ.
"ಈ ದಿಣ್ಣೇಲಿ ಬಿದ್ದ ಮಳೆಗೆ ಎರಡು ದಾರಿ, ಅಮ್ಮಣ್ಣಿ.
ಪಡುವಲಕ್ಕೆ ಜಾರಿದ್ದು ಸುತ್ತಿ ಬಳಸಿ ಕಾವೇರಿ ಸೇರ್ತದೆ,
ಮೂಡಲಕ್ಕೆ ಉರುಳಿದ್ದು ಪಿನಾಕಿನಿಗೆ.
ಒಂದೇ ಮೋಡ, ಒಂದೇ ಬಸಿರು.
ಗೇಣು ಆಚೀಚೆ ಆತು ಅಂದ್ರೆ
ಆಮೇಲೆ ಒಬ್ಬರ ಮುಖ ಒಬ್ಬರು ನೋಡಂಗಿಲ್ಲ."
ಹೇಳಿ, ಎದೆಯೆತ್ತರದ ಕಬ್ಬಿಣದ ಕೀಯನ್ನು
ರಸ್ತೆಯ ಗುಳಿಯೊಳಗೆ ಇಳಿಬಿಟ್ಟು ತಿರುವಿದ್ದ,
ಹದಿನಾಲ್ಕು ಸುತ್ತು, ಬಾಯಲ್ಲೇ ಎಣಿಸುತ್ತ.
ಎಷ್ಟೋ ದೂರದ ಕಾವೇರಿ
ಪಂಪಿನಿಂದ ಪಂಪಿಗೆ ಏದುಸಿರು ಬಿಡುತ್ತ ಹತ್ತಿ
ನಮ್ಮ ಸಂಪಿಗೆ ಬಿದ್ದ ಸದ್ದು.
ಹೊರಗೆ ಅದೇ ಹೊತ್ತಿಗೆ ಪುಕ್ಕಟೆ ನೀರು
ಅದೇ ಕಾವೇರಿಯ ಕಡೆ ಇಳಿದು ಹೋಗುತ್ತಿತ್ತು.
ನನಗೆ ನಗು ಬಂತು. ಅವನಿಗೆ ಬರಲಿಲ್ಲ.

ಹೋದ ಹಸ್ತದಲ್ಲಿ ಎರಡು ಸರದಿ ನೀರು ಬಿಡಲಿಲ್ಲ.
ಪಿಳ್ಳಪ್ಪನ ಫೋನು ಸ್ವಿಚ್ ಆಫ್.
ಮನೆಯಲ್ಲಿ ಮಗಳ ಬಾಣಂತನ, ಬಟ್ಟೆಯ ರಾಶಿ.
ಬೈಯಬೇಕೆಂದೇ ಛತ್ರಿ ಹಿಡಿದು ಹೊರಟೆ,
ಬೈಗುಳವನ್ನು ದಾರಿಯುದ್ದಕ್ಕೂ ಹದ ಮಾಡಿಕೊಳ್ಳುತ್ತ.
ಮೆಟ್ಟಿಲು, ಮೆಟ್ಟಿಲು, ಬೀಡಾ ಅಂಗಡಿ, ಮತ್ತೆ ಮೆಟ್ಟಿಲು.
ನಲವತ್ತು ವರ್ಷದಲ್ಲಿ ಇಷ್ಟು ಕೆಳಗೆ
ನಾನು ಇಳಿದಿರಲಿಲ್ಲ.

ಮೋರಿ ಪಕ್ಕದ ಬೀದಿ.
ನೀರು ಹೋಗಿತ್ತು, ಕೆಸರು ಹೋಗಿರಲಿಲ್ಲ.
ಪಿಳ್ಳಪ್ಪ ಮುರಿದ ಮೊರದಲ್ಲಿ ಬಾಚುತ್ತಿದ್ದ.
ಹಾಸಿಗೆ ಕಾಂಪೌಂಡಿನ ಮೇಲೆ, ಅಕ್ಕಿ ಡಬ್ಬ ಸಜ್ಜದ ಮೇಲೆ,
ಹೊಲಿಗೆ ಮಿಷನ್ನು ಮೇಜಿನ ಮೇಲೆ, ಅದರ ಮೇಲೆ ಬೆಕ್ಕು.
ಒಳಗೋಡೆಯಲ್ಲಿ ಪೆನ್ಸಿಲಿನ ಗೆರೆಗಳು:
ತೇಜು, ಯುಕೆಜಿ.
ತೇಜು, ಎರಡನೇ ಕ್ಲಾಸು.
ನಡುವೆ, ಅದೇ ಕೈಬರಹದಲ್ಲಿ,
ನೀರು. ನೀರು.
ಯುಕೆಜಿಯ ಗೆರೆಗಿಂತ
ಗೇಣು ಮೇಲಿತ್ತು ಒಂದು ನೀರು.

ಹದ ಮಾಡಿ ತಂದದ್ದು ಬಾಯಲ್ಲೇ ನೆನೆದು ಮೆತ್ತಗಾಯಿತು.
ಅವನೇ ಕೈ ಒರೆಸಿಕೊಂಡು ಎದ್ದ.
"ಅಯ್ಯೋ, ನೀವ್ಯಾಕೆ ಬರಕ್ಕೋದ್ರಿ ಅಮ್ಮಣ್ಣಿ,
ಮ್ಯಾಲೆ ಪ್ರೆಶರ್ ಸಾಕಾಗ್ತಿಲ್ವಾ?"

ಸಾಕು, ಅಂದೆ. ಸುಳ್ಳು.

ತಿರುಗಿ ಹತ್ತುವಾಗ ಮತ್ತೆ ಹನಿ ಶುರು. ಮಂಡಿ ನೋವು.
ಪಾದದ ಮೇಲೆ ಹಾದು ನೀರು ಎದುರು ಬರುತ್ತಿತ್ತು,
ನಮ್ಮ ಬಾಲ್ಕನಿಯ ಕೆಳಗೆ ಹರಿದದ್ದೂ ಇರಬೇಕು ಅದರಲ್ಲಿ,
ಗುರುತು ಸಿಗಲಿಲ್ಲ.
ಅರ್ಧ ಏರಿನಲ್ಲಿ ಸೊಪ್ಪಿನವಳು ನಿಂತಿದ್ದಳು,
ಕಲ್ಲು ಸಿಗದೆ ಚಕ್ರಕ್ಕೆ ತನ್ನ ಕಾಲನ್ನೇ ಕೊಟ್ಟು.
"ದಂಟು ಒಂದೇ ಕಟ್ಟು ಉಳಿದೈತೆ, ತಗೊಳ್ಳಮ್ಮ.
ಎಲ್ಲಾಯ್ತು ಮನೆ?"

ಮೇಲೆ, ಎಂದು ಹೇಳುವುದಕ್ಕೆ
ಯಾಕೋ ಸ್ವಲ್ಪ ಹೊತ್ತು ಹಿಡಿಯಿತು.