ಬಿಸಿಲಿಗೆ ಹಿಡಿದು

ಬಾನೆಟ್ಟಿನಡಿಯ ತಗಡಿನ ಮೇಲೆ
ಎರಡು ಅಂಕಿ, ಒಂದು ಅಕ್ಷರ. ಅಷ್ಟೇ ಜಾತಕ.
"ಇದು ಹಸಿರಾಗಿ ಹುಟ್ಟಿದ್ದು" ಅಂದ
ಎವರ್ಟನ್ ಬ್ಲಾಗ್ರೋವ್, ಕನ್ನಡಕ ಹಣೆಗೇರಿಸಿ,
ಕವೆಂಟ್ರಿಯ ರೈಲು ಸೇತುವೆಯ ಕೆಳಗಿನ ಶೆಡ್ಡಿನಲ್ಲಿ.

ನಾನು ಕೊಂಡಾಗ ಅದು ಕಂದು.
ಕಾರಿಗೆ ಬಳಿಯುವ ಕಂದಲ್ಲ, ಬಾಗಿಲಿಗೆ ಬಳಿಯುವ ಕಂದು;
ಕುಂಚದ ಗೆರೆ, ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ.
ಬಳಿದವನು ಲೆನ್, ನಮ್ಮ ಆಸ್ಪತ್ರೆಯ ಪೋರ್ಟರ್,
ನನ್ನ ಎಕ್ಸ್-ರೇ ಕೋಣೆಗೆ ಇಪ್ಪತ್ತು ವರ್ಷ
ಮುರಿದ ಮೂಳೆಗಳನ್ನು ತಳ್ಳಿಕೊಂಡು ಬಂದವನು.
ಅವನ ಹೆಂಡತಿ ಡೋರೀನ್ ಹೇಳಿದ್ದಳಂತೆ:
ಹಸಿರು ಕಾರು ಅಪಶಕುನ, ನಾನು ಕೂರೋದಿಲ್ಲ.
ಒಂದು ಭಾನುವಾರ, ನಾಲ್ಕಿಂಚಿನ ಕುಂಚ,
ಅಡುಗೆಮನೆಯ ಕಪಾಟಿಗೆ ಬಳಿದು ಉಳಿದ ಡಬ್ಬಿ.
ಕೂತಳು. ಇಬ್ಬರೂ ಸಮುದ್ರ ನೋಡಿ ಬಂದರು.

ನಾನು ನಕ್ಕಿದ್ದೆ. ಹಸಿರು ಬಳೆ ತೊಟ್ಟು ಬೆಳೆದವಳು,
ಹಸಿರಿಗೆ ಹೆದರೋದು ಹೇಗೆಂದು ಯಾರೂ ಕಲಿಸಿರಲಿಲ್ಲ.
ಆದರೆ ಯಾವ ಹಸಿರು?

ಅಂಕಿ ಕೊಟ್ಟರೆ ಸೂತ್ರ ಬರುತ್ತದೆ,
ಸೂತ್ರ ಕೊಟ್ಟರೆ ಡಬ್ಬಿ ಬರುತ್ತದೆ,
ಬಣ್ಣ ಬರುವುದಿಲ್ಲ, ಅನ್ನುತ್ತಾನೆ ಎವರ್ಟನ್.
ಬಿಸಿಲು ತಾಗದ ಕಡೆ ಹುಡುಕಬೇಕು:
ಪೆಟ್ರೋಲ್ ಮುಚ್ಚಳದ ಹಿಂದೆ, ಬಾಗಿಲ ರಬ್ಬರಿನ ಅಡಿ,
ಡಿಕ್ಕಿಯ ಚಾಪೆ ಎತ್ತಿ.
ಉಗುರಿನಷ್ಟು ಸಿಕ್ಕಿತು. ಉಜ್ಜಿದ.
ತಗಡು ಹೇಳಿದ ಹಸಿರಿಗೂ ಇದಕ್ಕೂ ತಾಳೆಯಿಲ್ಲ.
"ಶುಕ್ರವಾರ ಸಂಜೆಯದ್ದಿರಬೇಕು. ತಳ ಕಂಡಿರುತ್ತೆ,
ಪಕ್ಕದ ಡಬ್ಬಿ ಸುರಿದು ಸರಿದೂಗಿಸಿದ್ದಾನೆ ಯಾರೋ."
ಆ ಯಾರೋ ದುಡಿದ ಕಾರ್ಖಾನೆ ಇಲ್ಲಿಂದ ಆರು ಮೈಲಿ.
ಈಗ ಅಲ್ಲಿ ಪಾರ್ಸೆಲ್ ಗೋದಾಮು.
ಕೇಳೋಣವೆಂದರೆ ಗೇಟಿನಲ್ಲೇ ಬಾರ್‌ಕೋಡ್ ಕೇಳುತ್ತಾರೆ.

ಮಧ್ಯಾಹ್ನ ದಾವಣಗೆರೆಗೆ ಫೋನು.
ಗಿಳಿಹಸಿರಾ? ಅಲ್ಲ ಅಕ್ಕ.
ಎಳೆ ಬಾಳೆಯದಾ? ಅಲ್ಲ.
ಪಾಚಿ? ಅದಕ್ಕಿಂತ ಒಂದು ಮಾತು ಮೇಲೆ.
ನೆನೆಹಾಕಿದ ಹೆಸರುಕಾಳು, ಸಿಪ್ಪೆ ಬಿಡೋ ಹೊತ್ತಿನದು?
ಹತ್ತಿರ ಬಂದೆ, ಅಂದೆ.
ಅಮ್ಮ ಏನು ಮಾಡ್ತಿದ್ದಳು ಮರೆತೆಯಾ, ಅಂದಳು.

ಇಲ್ಲ. ಬಟ್ಟೆಯಂಗಡಿಯ ಟ್ಯೂಬ್‌ಲೈಟನ್ನು
ಅಮ್ಮ ಎಂದೂ ನಂಬಿದವಳಲ್ಲ.
ಸೆರಗಿನ ತುದಿ ಹಿಡಿದು ಮೆಟ್ಟಿಲಿಳಿದು ಬೀದಿಗೆ,
ಇನ್ನೊಂದು ತುದಿ ಹಿಡಿದು ಹಿಂದೆಯೇ ಅಂಗಡಿ ಹುಡುಗ,
ಬಸ್ಸು ಹಾರ್ನ್ ಹೊಡೆದರೆ ಹೊಡೆಯಲಿ,
ಬಿಸಿಲಿಗೆ ಹಿಡಿದು ನೋಡಿದ ಮೇಲೇ ರೊಕ್ಕ.

ಎವರ್ಟನ್ ಮೂರು ತಗಡು ಚೂರಿಗೆ ಮೂರು ಹಸಿರು ಸಿಂಪಡಿಸಿದ.
ಹೊರಗೆ ತರೋಣ ಅಂದೆ. ಅವನೂ ಅದನ್ನೇ ಅನ್ನುವವನಿದ್ದ.
ಆದರೆ ಮಾರ್ಚ್ ತಿಂಗಳು, ಬಿಸಿಲೆಲ್ಲಿ?
ಸೋಮವಾರ ಇಲ್ಲ. ಮಂಗಳವಾರ ಇಲ್ಲ.
ಬುಧವಾರ ಇಬ್ಬರೂ ಶೆಡ್ಡಿನ ಬಾಗಿಲಲ್ಲಿ ಚಹಾ ಹಿಡಿದು
ಆಕಾಶವನ್ನು ಸಾಲ ಕೊಟ್ಟವರಂತೆ ನೋಡುತ್ತ ನಿಂತೆವು.
ಮೂವತ್ತು ವರ್ಷ ಬೂದು ನೋಡಿಯೇ ಸಂಬಳ ತಿಂದವಳು ನಾನು,
ಬೂದಿನೊಳಗೆ ಬಿರುಕು ಎಲ್ಲಿದೆ ಹೇಳಬಲ್ಲೆ.
"ಅಲ್ಲಿ," ಅಂದೆ, ನೀರಿನ ಟ್ಯಾಂಕಿನ ಮೇಲೆ ಬೆರಳು ತೋರಿ.

ಹನ್ನೊಂದು ನಿಮಿಷ ಬಿತ್ತು.
ಓಡಿದೆವು, ತಗಡು ಹಿಡಿದು.
"ನಡುವಿನದು." ಯಾರು ಮೊದಲು ಅಂದೆವೋ ಗೊತ್ತಿಲ್ಲ.

ಮುಗಿದ ದಿನ ಲೆನ್‌ನನ್ನು ಕರೆದೆ.
ಕೋಲೂರಿ ಬಂದ, ಸುತ್ತು ಹಾಕಿದ,
ತಾನು ಬಳಿದಿದ್ದ ಕಡೆಯೆಲ್ಲ ಕೈಯಾಡಿಸಿದ.
ಒಂದು ಗೆರೆಯೂ ಕೈಗೆ ಸಿಗಲಿಲ್ಲ.
"ಡೋರೀನ್ ಕೂರೋದಿಲ್ಲ" ಅಂದ.
ಡೋರೀನ್ ಹೋಗಿ ಏಳು ವರ್ಷ.

ಅವನನ್ನು ಮನೆಗೆ ಬಿಡುವಾಗ ಕತ್ತಲು.
ಫೋಲ್ಸ್‌ಹಿಲ್ ರಸ್ತೆ ದಾಟಿ, ಇನ್ನೂ ಬದಲಾಗದ
ಹಳದಿ ದೀಪಗಳ ಓಣಿಗೆ ತಿರುಗಿದ್ದೇ ತಡ
ಬಾನೆಟ್ಟಿನ ಹಸಿರು ಕಂದಿತು,
ಕಂದಿ, ಕಂದಾಯಿತು.
ದೀಪ ದಾಟಿದರೆ ಕಪ್ಪು, ದೀಪ ಬಂದರೆ ಮತ್ತೆ ಕಂದು.
ಲೆನ್ ಸ್ವಲ್ಪ ಹೊತ್ತು ಸುಮ್ಮನಿದ್ದ.
"ನೋಡು," ಅಂದ ಆಮೇಲೆ, ಮೆಲ್ಲಗೆ.
ನನಗಲ್ಲ.