ಗಾಡಿ ಹೋಗುವ ತನಕ

ಫೋನಿನಲ್ಲಿ ಕೇಳಿದೆಯಲ್ಲ ಸುಗುಣಾ,
"ಅಕ್ಕಾ, ಎಲ್ಲರನ್ನೂ ಒಟ್ಟಿಗೆ ಹೇಗೆ ಕೂರಿಸುತ್ತೀ?"
ಆಗ ಒಲೆಯ ಮೇಲೆ ಹಾಲಿತ್ತು, ಹೇಳಲಾಗಲಿಲ್ಲ.
ಈಗ ಹೇಳುತ್ತೇನೆ. ದೊಡ್ಡ ಉತ್ತರವೇನೂ ಇಲ್ಲ.

ಕುರ್ಲಾದ ಈ ಕ್ವಾರ್ಟರ್ಸಿನಲ್ಲಿ
ಹಳಿಗೂ ನಮ್ಮ ಕಿಟಕಿಗೂ ನಡುವೆ
ಒಂದು ಗೋಡೆ, ಒಂದು ನುಗ್ಗೆಮರ.
ಇವರಿಗೆ ಕಾರ್‌ಶೆಡ್ಡಿನಲ್ಲಿ ವಾರಕ್ಕೊಂದು ಪಾಳಿ,
ಕೆಜಿಯಾಳಿಗೆ ಸಂಜೆಯ ಕ್ಲಾಸು,
ಸಿಲಾಸನಿಗೆ ಹದಿನೇಳು ವರ್ಷ, ಅದೇ ಒಂದು ಕೆಲಸ.
ಅತ್ತೆಗೆ ಒಂದು ಕಿವಿ ಕೇಳಿಸದು,
ಓಬೇದನಿಗೆ ಎಂಟಕ್ಕೇ ಕಣ್ಣೆಳೆಯುತ್ತದೆ.
ಎಲ್ಲರ ಹೊತ್ತನ್ನೂ ಹಿಟ್ಟಿನಂತೆ ಜರಡಿ ಹಿಡಿದರೆ
ಉಳಿಯುವುದು ಒಂದು ವಾರ ಬೆಳಗಿನ ಐದೂಕಾಲು,
ಇನ್ನೊಂದು ವಾರ ರಾತ್ರಿ ಒಂಬತ್ತೂವರೆ.
ಹದಿನೈದು ನಿಮಿಷ, ಅಷ್ಟೇ.

ಅದರಲ್ಲೂ ಗಾಡಿ ಬರುತ್ತದೆ.
ಫಾಸ್ಟ್ ಲೋಕಲ್ ಬಂದರೆ ತಟ್ಟೆ ಲೋಟವೆಲ್ಲ ಮಾತಾಡುತ್ತವೆ.
ಓದುತ್ತಿದ್ದವರು ಅದೇ ಪದದ ಮೇಲೆ ಬೆರಳಿಟ್ಟು
ಸುಮ್ಮನೆ ಕಾಯುತ್ತಾರೆ.
ಆಮೇಲೆ ಅಲ್ಲಿಂದಲೇ ಮುಂದೆ.
ಅತ್ತೆ ಮಾತ್ರ ಗದ್ದಲದಲ್ಲೂ ಹಾಡುತ್ತಲೇ ಇರುತ್ತಾರೆ;
ಗಾಡಿ ಹೋದ ಮೇಲೆ ನೋಡಿದರೆ
ಅವರು ನಾಲ್ಕನೆಯ ಚರಣ, ನಾವಿನ್ನೂ ಎರಡರಲ್ಲಿ.

ಮಕ್ಕಳಿಗೆ ಕನ್ನಡ ಓದಲು ಬಾರದು, ನಿನಗೆ ಗೊತ್ತು.
ಕೆಜಿಯಾ ಎಲ್ಲವನ್ನೂ ದೇವನಾಗರಿಯಲ್ಲಿ ಬರೆದುಕೊಂಡಿದ್ದಾಳೆ,
ರಬ್ಬರ್‌ಬ್ಯಾಂಡ್ ಸುತ್ತಿದ ಹಳೆಯ ನೋಟ್‌ಬುಕ್ಕು.
ಅವಳ ಬಾಯಲ್ಲಿ 'ಕೃಪೆ' ಮರಾಠಿ ಶಾಲೆಗೆ ಹೋಗಿ
'ಕ್ರುಪೆ'ಯಾಗಿ ಬರುತ್ತದೆ.
ಅತ್ತೆ ತಿದ್ದುವುದಿಲ್ಲ.
"ಬೇಡುವವರಿಗೆ ಯಾವ ಉಚ್ಚಾರವಾದರೂ ಆದೀತು" ಅನ್ನುತ್ತಾರೆ.

ಒಟ್ಟಿಗೆ ಕೂರುವುದೆಂದರೆ
ಒಂದೇ ಮನಸ್ಸಾಗಿ ಕೂರುವುದು ಅಂದುಕೊಂಡಿದ್ದೆ ಮೊದಲು.
ಅಲ್ಲ ಕಣೇ.
ಹನ್ನೆರಡನೆಯ ರಿಸಲ್ಟ್ ಬಂದಾಗಿನಿಂದ ಸಿಲಾಸ
ಗೋಡೆಗೆ ಮುಖ ಮಾಡಿ ಕೂರುತ್ತಾನೆ.
ಕೂರುತ್ತಾನೆ ಅಂದೆನಲ್ಲ, ಅದನ್ನು ಗಮನಿಸು.
ಅವನ ಬೆನ್ನಿಗೂ ಚಾಪೆಯಲ್ಲಿ ಜಾಗವಿದೆ.

ಕಳೆದ ತಿಂಗಳು ಇನ್ನೊಂದು ಆಯಿತು.
ನನ್ನನ್ನು ಕೇಳದೆ ಇವರು ತಮ್ಮನಿಗೆ
ನಲವತ್ತು ಸಾವಿರ ಕೊಟ್ಟರು.
ಮೂರು ದಿನ ಮಾತು ಬಿಟ್ಟೆ.
ಅನ್ನ ಬಡಿಸುವ ಸೌಟಿನ ಸದ್ದಿನಲ್ಲೇ ಬಯ್ಯುವುದು
ನಮಗೆ ಅಮ್ಮ ಕಲಿಸಿದ ವಿದ್ಯೆಯಲ್ಲವೇ!
ಆ ರಾತ್ರಿಯೂ ಚಾಪೆ ಹಾಸಿದೆ, ಅಭ್ಯಾಸಬಲ.
ಕರ್ತನ ಪ್ರಾರ್ಥನೆ.
ದಿನದಿನದ ಆಹಾರದ ತನಕ ಸರಿಯಾಗಿಯೇ ಬಂದೆವು.
ಗಾಡಿ ಬಂತು.
ನಿಲ್ಲಿಸಿದೆವು.
ಗಾಡಿ ಹೋಯಿತು.
ಮುಂದಿನ ಸಾಲು ಕ್ಷಮೆಯದು.
ಯಾರೂ ಎತ್ತಲಿಲ್ಲ.
ನಲ್ಲಿಯ ಹನಿ ಬಕೆಟ್ಟಿಗೆ ಬೀಳುವುದು ಕೇಳಿಸಿತು.
ಇವರು ಉಗುರಿನ ಸಂದಿಯ ಗ್ರೀಸನ್ನು ನೋಡುತ್ತಿದ್ದರು,
ನಾನು ಚಾಪೆಯ ಹರಿದ ಅಂಚನ್ನು.
ನನ್ನ ತೊಡೆಯ ಮೇಲೆ ಮಲಗಿದ್ದ ಓಬೇದ
ಕಣ್ಣು ತೆರೆಯದೆಯೇ ಕೇಳಿದ,
"ಗಾಡಿ ಹೋಯ್ತಲ್ಲ?"

ಆಗ ಗೋಡೆಯ ಕಡೆಯಿಂದ
ಒಡಕು ಗಂಡುದನಿಯೊಂದು ಆ ಸಾಲನ್ನು ಎತ್ತಿತು.
ನನ್ನ ದನಿ ಇವರ ಹಿಂದೆ ಬಂತೋ
ಇವರದು ನನ್ನ ಹಿಂದೆಯೋ, ನೆನಪಿಲ್ಲ.
ದುಡ್ಡು ಇನ್ನೂ ಬಂದಿಲ್ಲ.
ಆದರೆ ಆಮೆನ್ ಆದ ಮೇಲೆ ಕೇಳಿದೆ,
"ನಾಳೆ ಡಬ್ಬಿಗೆ ಏನು ಹಾಕಲಿ?"
"ಚಟ್ನಿ ಸಾಕು" ಅಂದರು. ಬದನೆಕಾಯಿಯನ್ನೂ ಹಾಕಿದೆ.

ಠಾಣೆಯ ನಿನ್ನ ಏಳನೆಯ ಮಹಡಿಗೆ ಗಾಡಿಯ ಸದ್ದಿಲ್ಲ,
ಲಿಫ್ಟಿನದ್ದಾದರೂ ಇದ್ದೀತು.
ಅವನು ಲ್ಯಾಪ್‌ಟಾಪ್ ಮುಚ್ಚಲಿಲ್ಲವೆಂದು ಕಾಯಬೇಡ,
ಪಾಪು ಅತ್ತರೆ ಅಳಲಿ, ಅದೂ ಒಂದು ಬಿನ್ನಹವೇ.
ಸಾಲು ಮರೆತರೆ ಮರೆತಲ್ಲಿ ನಿಲ್ಲು,
ಬೆರಳು ತೆಗೆಯಬೇಡ.
ಮತ್ತೆ, ಮೊದಲ ದಿನ ನೀನೊಬ್ಬಳೇ ಕೂತರೂ
ದೊಡ್ಡ ಚಾಪೆಯನ್ನೇ ಹಾಸು.